ಇಂಟರ್ನೆಟ್ ಇಲ್ಲದೆ, ಕೇಬಲ್ ಇಲ್ಲದೆ ಫೋನಿನಿಂದ ಲ್ಯಾಪ್‌ಟಾಪಿಗೆ ನೇರವಾಗಿ ಫೈಲ್ ಕಳಿಸುವುದು ಹೇಗೆ?

ಮೂರು ಗಂಟೆಯ ಕಾಲಮಿತಿ ಯಕ್ಷಗಾನವನ್ನು ಫೋನಿನಲ್ಲಿ 1080ಪಿ ಗುಣಮಟ್ಟದಲ್ಲಿ ಚಿತ್ರೀಕರಿಸಿದರೆ, ನಿಮಿಷಕ್ಕೆ 60 ಎಂಬಿ ಎಂದು ಹಿಡಿದರೂ ಹತ್ತಿರ ಹತ್ತಿರ 11 ಜಿಬಿ ಆಗುತ್ತದೆ. ಅದನ್ನು ಪಕ್ಕದಲ್ಲೇ ಇರುವ ಲ್ಯಾಪ್‌ಟಾಪಿಗೆ ಹಾಕಬೇಕು. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸೋಣವೆಂದರೆ ಒಂದು ಫೈಲಿಗೆ 2 ಜಿಬಿ ಮಿತಿ. ವಿಡಿಯೊ ಆಗಿಯೇ ಕಳಿಸಿದರೆ ಅದು ಕುಗ್ಗಿಸುವ ರೀತಿಗೆ ಮುಖವರ್ಣಿಕೆಯ ಗೆರೆಗಳೆಲ್ಲ ಕಲಸಿಹೋಗುತ್ತವೆ. ಗೂಗಲ್ ಡ್ರೈವ್‌ನ ಉಚಿತ 15 ಜಿಬಿಯಲ್ಲಿ ಮೇಲ್, ಫೋಟೊ ಎಲ್ಲವೂ ಪಾಲುದಾರರು. ಜಾಗ ಇದೆಯೆಂದೇ ಇಟ್ಟುಕೊಳ್ಳಿ, 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್, ಅಂದರೆ ಸುಮಾರು 1.25 ಎಂಬಿ) ಅಪ್‌ಲೋಡ್ ವೇಗದಲ್ಲಿ 11 ಜಿಬಿ ಏರಿಸಲು ಸುಮಾರು ಎರಡೂವರೆ ಗಂಟೆ ಬೇಕು. ಮತ್ತೆ ಇಳಿಸಿಕೊಳ್ಳುವ ಹೊತ್ತು ಬೇರೆ. ಮೇಜಿನ ಈ ತುದಿಯಿಂದ ಆ ತುದಿಗೆ ಹೋಗಬೇಕಾದ ಫೈಲ್ ಯಾವುದೋ ದೂರದ ಸರ್ವರ್ ಸುತ್ತಿಬರುವ ಅಗತ್ಯವೇ ಇಲ್ಲ.

ಎರಡು ಸಾಧನಗಳು ನಡುವೆ ಯಾರನ್ನೂ ಇಟ್ಟುಕೊಳ್ಳದೆ ಪರಸ್ಪರ ಫೈಲ್ ಕೊಟ್ಟು ತೆಗೆದುಕೊಳ್ಳುವುದಕ್ಕೆ ಪೀರ್-ಟು-ಪೀರ್ ಎನ್ನುತ್ತಾರೆ. ಜನ ತಮ್ಮತಮ್ಮಲ್ಲೇ ಫೈಲ್ ಹಂಚಿಕೊಳ್ಳುವ ಟೊರೆಂಟ್‌ನಿಂದಾಗಿ ಈ ಹೆಸರು ಕೇಳಿದೊಡನೆ ಕದ್ದ ಸಿನಿಮಾ ನೆನಪಿಗೆ ಬರುವುದುಂಟು. ಆದರೆ ನಿಮ್ಮದೇ ಫೋನಿನಿಂದ ನಿಮ್ಮದೇ ಲ್ಯಾಪ್‌ಟಾಪಿಗೆ ಹೋಗುವ ಫೈಲಿಗೂ ಅದಕ್ಕೂ ಸಂಬಂಧವಿಲ್ಲ. ಈ ಇಡೀ ಕೆಲಸದಲ್ಲಿ ನಿಜವಾಗಿ ಕಷ್ಟದ್ದು ಒಂದೇ: ಎರಡೂ ಸಾಧನಗಳು ಒಂದನ್ನೊಂದು ಕಾಣುವಂತೆ ಮಾಡುವುದು. ಒಮ್ಮೆ ಕಂಡವೆಂದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಅದಕ್ಕೇ ಈ ಲೇಖನದಲ್ಲಿ ಹೆಚ್ಚು ಜಾಗ ಅದಕ್ಕೇ ಮೀಸಲು.

ಯಾವ ಆ್ಯಪ್?

ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಐದರಲ್ಲೂ ಒಂದೇ ರೀತಿ ನಡೆಯುವ ಲೋಕಲ್‌ಸೆಂಡ್ ಅನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಇದು ಉಚಿತ, ಮುಕ್ತ ತಂತ್ರಾಂಶ. ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ, ಇಂಟರ್ನೆಟ್ ಬೇಡ. ಫೈಲ್ ಗೂಢಲಿಪಿಯಲ್ಲಿಯೇ ಹೋಗುತ್ತದೆ. ಹಿಂದೆ ಇದೇ ಕೆಲಸಕ್ಕೆ ಎಲ್ಲರ ಫೋನಿನಲ್ಲೂ ಇರುತ್ತಿದ್ದ ಶೇರ್‌ಇಟ್ ಮತ್ತು ಝೆಂಡರ್, 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿದ್ದವು. ಅವುಗಳ ಎಪಿಕೆಯನ್ನು (ಆ್ಯಪ್ ಹಾಕಿಕೊಳ್ಳುವ ಫೈಲನ್ನು) ಎಲ್ಲಿಂದಲೋ ಇಳಿಸಿ ಹಾಕಿಕೊಳ್ಳುವವರು ಈಗಲೂ ಇದ್ದಾರೆ. ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ. ನಿಮ್ಮ ಎಲ್ಲ ಫೈಲುಗಳನ್ನೂ ಓದುವ ಅನುಮತಿ ಕೇಳುವ ಆ್ಯಪ್ ಅದು. ಅಪರಿಚಿತ ತಾಣದಿಂದ ಬಂದ ಪ್ರತಿಯೊಳಗೆ ಏನು ಸೇರಿಸಿದ್ದಾರೋ ತಿಳಿಯಲು ದಾರಿಯೇ ಇಲ್ಲ.

ಒಂದು ಮಾತು ಮೊದಲೇ ಹೇಳಬೇಕು. ಕಳಿಸುವುದು 100 ಜಿಬಿ ಮೇಲಿದ್ದರೆ, ಎರಡೂ ಸಾಧನ ಒಂದೇ ಕೋಣೆಯಲ್ಲಿದ್ದರೆ, ಒಳ್ಳೆಯ ಯುಎಸ್‌ಬಿ ಕೇಬಲ್ಲೋ ಹೊರಗಿನ ಎಸ್‌ಎಸ್‌ಡಿಯೋ ವೈಫೈಗಿಂತ ವಾಸಿ. 1 ಜಿಬಿಯಿಂದ 30-40 ಜಿಬಿವರೆಗಿನ ಕೆಲಸಕ್ಕೆ ಮಾತ್ರ ಇಲ್ಲಿನ ವಿಧಾನ ಹೇಳಿ ಮಾಡಿಸಿದಂತಿದೆ.

ಮೊದಲು ದಾರಿ: ಹಾಟ್‌ಸ್ಪಾಟೋ, ರೌಟರೋ?

ಮನೆಯಲ್ಲಿ ವೈಫೈ ಇದ್ದರೆ ಫೋನು, ಲ್ಯಾಪ್‌ಟಾಪ್ ಎರಡನ್ನೂ ಅದಕ್ಕೇ ಜೋಡಿಸಿದರೆ ಸಾಕು. ಆದರೆ ವೇಗ ಬೇಕಿದ್ದರೆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ನೇರ ಅದಕ್ಕೇ ಜೋಡಿಸುವುದು ಉತ್ತಮ. ಕಾರಣ ಸರಳ. ರೌಟರ್ ಮೂಲಕ ಹೋದಾಗ ಪ್ರತಿ ತುಣುಕು ಫೋನಿನಿಂದ ರೌಟರಿಗೆ ಒಮ್ಮೆ, ರೌಟರಿನಿಂದ ಲ್ಯಾಪ್‌ಟಾಪಿಗೆ ಇನ್ನೊಮ್ಮೆ, ಹೀಗೆ ಅದೇ ಗಾಳಿಯಲ್ಲಿ ಎರಡು ಸಲ ಸಾಗಬೇಕು. ವೇಗ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಹಾಟ್‌ಸ್ಪಾಟ್‌ನಲ್ಲಿ ಒಂದೇ ನೆಗೆತ. ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ರೌಟರಿಗೆ ಸಿಕ್ಕಿಸಿದರೂ ಇದೇ ಲಾಭ ಸಿಗುತ್ತದೆ.

ಇನ್ನು ಬ್ಯಾಂಡ್, ಅಂದರೆ ವೈಫೈ ಬಳಸುವ ರೇಡಿಯೊ ಅಲೆಯ ಶ್ರೇಣಿ. ನಮ್ಮ 11 ಜಿಬಿ ಫೈಲನ್ನೇ ತೆಗೆದುಕೊಳ್ಳಿ. ಬ್ಲೂಟೂತ್‌ನಲ್ಲಿ ಸೆಕೆಂಡಿಗೆ 200 ಕೆಬಿಯಂತೆ ಹೋದರೆ 15 ಗಂಟೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಸಾಮಾನ್ಯವಾಗಿ ಸಿಗುವ 4 ಎಂಬಿಯಂತೆ ಮುಕ್ಕಾಲು ಗಂಟೆ. 5 ಗಿಗಾಹರ್ಟ್ಸ್‌ನಲ್ಲಿ 30 ಎಂಬಿಯಂತೆ ಹೋದರೆ ಆರೇಳು ನಿಮಿಷ. ಒಂದೇ ಫೋನು, ಒಂದೇ ಲ್ಯಾಪ್‌ಟಾಪ್. ಬದಲಾದದ್ದು ಒಂದು ಸೆಟ್ಟಿಂಗ್ ಮಾತ್ರ. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್ ಒಳಗೆ ಬ್ಯಾಂಡ್ ಆಯ್ಕೆ ಇರುತ್ತದೆ, ಅಲ್ಲಿ 5 ಗಿಗಾಹರ್ಟ್ಸ್ ಆರಿಸಿ. ಹಳೆಯ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಆ ಹಾಟ್‌ಸ್ಪಾಟ್ ಹೆಸರೇ ಕಾಣದಿದ್ದರೆ ಅದಕ್ಕೆ 5 ಗಿಗಾಹರ್ಟ್ಸ್ ಬರುವುದಿಲ್ಲವೆಂದು ಅರ್ಥ, 2.4ಕ್ಕೆ ಇಳಿಸಿಕೊಳ್ಳಿ. ಐಫೋನಿನಲ್ಲಿ ಪರ್ಸನಲ್ ಹಾಟ್‌ಸ್ಪಾಟ್ ಪುಟದ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಆನ್ ಇದ್ದರೆ ಅದು 2.4ಕ್ಕೆ ಇಳಿಯುತ್ತದೆ, ಆಫ್ ಮಾಡಿ. ಐಫೋನಿನ ಹಾಟ್‌ಸ್ಪಾಟ್‌ಗೆ ಮೊಬೈಲ್ ಡೇಟಾ ಆನ್ ಇರಲೇಬೇಕು. ಆದ್ದರಿಂದ ನೆಟ್‌ವರ್ಕ್ ಸಿಗದ ಕಡೆ, ಇಬ್ಬರ ಬಳಿ ಒಂದು ಆಂಡ್ರಾಯ್ಡ್ ಇದ್ದರೆ ಅದನ್ನೇ ಹಾಟ್‌ಸ್ಪಾಟ್ ಮಾಡಿ.

ಹಾಟ್‌ಸ್ಪಾಟ್ ಎಂದೊಡನೆ 'ಡೇಟಾ ಖಾಲಿ ಆಗುತ್ತದಲ್ಲ' ಎಂಬ ಹೆದರಿಕೆ ಸಹಜ. ಫೈಲ್ ಹೋಗುವುದು ಎರಡು ಸಾಧನಗಳ ನಡುವೆ ಮಾತ್ರ, ಟವರಿನ ತನಕ ಹೋಗುವುದೇ ಇಲ್ಲ. ಹಾಗಾಗಿ ಆ 11 ಜಿಬಿಯಲ್ಲಿ ಒಂದು ಎಂಬಿಯೂ ನಿಮ್ಮ ಪ್ಯಾಕ್‌ನಿಂದ ಕಳೆಯುವುದಿಲ್ಲ. ಡೇಟಾ ತಿನ್ನುವುದು ಬೇರೆಯದು: ಲ್ಯಾಪ್‌ಟಾಪಿಗೆ ನೆಟ್ ಸಿಕ್ಕಿದ ಕೂಡಲೇ ಹಿನ್ನೆಲೆಯಲ್ಲಿ ಶುರುವಾಗುವ ವಿಂಡೋಸ್ ಅಪ್‌ಡೇಟ್. ಅದಕ್ಕಾಗಿ ಆಂಡ್ರಾಯ್ಡ್ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿದ ಮೇಲೆ ಮೊಬೈಲ್ ಡೇಟಾ ಆಫ್ ಮಾಡಿಬಿಡಿ.

ಕಳಿಸುವ ಕ್ರಮ

1. ಎರಡೂ ಕಡೆ ಲೋಕಲ್‌ಸೆಂಡ್ ಹಾಕಿಕೊಳ್ಳಿ. ಫೋನಿಗೆ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್, ಕಂಪ್ಯೂಟರಿಗೆ ಅದರ ಅಧಿಕೃತ ಜಾಲತಾಣ. ಇಂಟರ್ನೆಟ್ ಬೇಕಾಗುವುದು ಇದಕ್ಕೆ ಮಾತ್ರ. ನೆಟ್‌ವರ್ಕ್ ಇಲ್ಲದ ಊರಿಗೆ ಹೊರಟಿದ್ದರೆ ಹೊರಡುವ ಮೊದಲೇ ಮುಗಿಸಿಕೊಳ್ಳಿ.

2. ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿ. 'ಇಂಟರ್ನೆಟ್ ಇಲ್ಲ' ಎಂದು ತೋರಿಸಿದರೆ ಅದೇ ಸರಿ, ಗಾಬರಿಯಾಗಬೇಡಿ.

3. ಎರಡರಲ್ಲೂ ಆ್ಯಪ್ ತೆರೆಯಿರಿ. ಮೊದಲ ಸಲ ವಿಂಡೋಸ್ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಕಾವಲು) ಅನುಮತಿ ಕೇಳುತ್ತದೆ, ಒಪ್ಪಿಕೊಳ್ಳಿ. ಐಫೋನ್ 'ಲೋಕಲ್ ನೆಟ್‌ವರ್ಕ್' ಅನುಮತಿ ಕೇಳುತ್ತದೆ, ಅದನ್ನೂ ಕೊಡಿ. ಇವೆರಡರಲ್ಲಿ ಅವಸರಕ್ಕೆ 'ಬೇಡ' ಒತ್ತಿದವರೇ ಆಮೇಲೆ ಗಂಟೆಗಟ್ಟಲೆ ಒದ್ದಾಡುವುದು.

4. ಪಡೆಯುವ ಕಡೆ, ಅಂದರೆ ಲ್ಯಾಪ್‌ಟಾಪಿನಲ್ಲಿ, 'ರಿಸೀವ್' ಪುಟ ತೆರೆದಿಡಿ. ಅಲ್ಲಿ ಆ್ಯಪ್ ತಾನೇ ಇಟ್ಟ ಒಂದು ಹೆಸರು ಕಾಣುತ್ತದೆ: ಒಂದು ಗುಣವಾಚಕ, ಒಂದು ಹಣ್ಣು. ಜೊತೆಗೊಂದು ಸಂಖ್ಯೆ ಇರುತ್ತದೆ. ಅದು ಆ ಸಾಧನದ ಐಪಿ ವಿಳಾಸದ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆಯ, ಕೊನೆಯ ಭಾಗ. ವಿಳಾಸ 192.168.1.37 ಆಗಿದ್ದರೆ 37 ಎಂದು ತೋರುತ್ತದೆ. ಒಂದೇ ವೈಫೈನಲ್ಲಿ ನಾಲ್ಕು ಜನ ಇದ್ದಾಗ ಈ ಹೆಸರು-ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿ ಖಚಿತಪಡಿಸಿಕೊಂಡರೆ ಫೈಲ್ ಬೇರೆಯವರ ಪಾಲಾಗದು. ಹೆಸರನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಬಹುದು.

5. ಫೋನಿನಲ್ಲಿ 'ಸೆಂಡ್' ಪುಟಕ್ಕೆ ಹೋಗಿ ಫೈಲ್, ಮೀಡಿಯಾ, ಫೋಲ್ಡರ್ ಇವುಗಳಲ್ಲಿ ಬೇಕಾದ್ದನ್ನು ಆರಿಸಿ. ಆರಿಸಿದ್ದರ ಒಟ್ಟು ಗಾತ್ರ ಮೇಲ್ಗಡೆ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ಅಷ್ಟು ಖಾಲಿ ಜಾಗ ಇದೆಯೇ ಎಂದು ಈಗಲೇ ನೋಡಿಕೊಳ್ಳಿ.

6. ಕೆಳಗೆ ಹತ್ತಿರದ ಸಾಧನಗಳ ಪಟ್ಟಿಯಲ್ಲಿ ಲ್ಯಾಪ್‌ಟಾಪಿನ ಹೆಸರು ಬಂದಿರುತ್ತದೆ, ಒತ್ತಿ. ಲ್ಯಾಪ್‌ಟಾಪಿನಲ್ಲಿ 'ಆಕ್ಸೆಪ್ಟ್' ಒತ್ತಿದರೆ ಫೈಲ್ ಹೊರಡುತ್ತದೆ.

ಮೊದಲು ಒಂದೇ ಒಂದು ಫೋಟೊ ಕಳಿಸಿ ನೋಡಿ. ದಾರಿ ಸರಿಯಿದೆ ಎಂದು ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಆಮೇಲೆ ದೊಡ್ಡದನ್ನು ಹೊರಡಿಸಿ.

ಆ್ಯಪ್ ಹಾಕಿಕೊಳ್ಳಲು ಒಪ್ಪದ ಹಿರಿಯರಿಗೂ ಒಂದು ಉಪಾಯವಿದೆ. ಕಳಿಸುವ ವಿಧಾನದಲ್ಲಿ 'ಶೇರ್ ವಯಾ ಲಿಂಕ್' ಆರಿಸಿದರೆ ನಿಮ್ಮ ಪರದೆಯಲ್ಲಿ ಒಂದು ವಿಳಾಸ ಬರುತ್ತದೆ. ಅದೇ ವೈಫೈನಲ್ಲಿರುವ ಅವರು ಬ್ರೌಸರಿನಲ್ಲಿ ಆ ವಿಳಾಸ ಬರೆದು ತೆರೆದರೆ, ನೀವು ಒಪ್ಪಿದ ಮೇಲೆ ಫೈಲ್ ಇಳಿಸಿಕೊಳ್ಳಬಹುದು. ಮದುವೆ ಫೋಟೊಗಳನ್ನು ಮನೆಮಂದಿಗೆಲ್ಲ ಹಂಚಲು ಇದು ತುಂಬಾ ಅನುಕೂಲ.

ಪಟ್ಟಿಯಲ್ಲಿ ಹೆಸರೇ ಬರುತ್ತಿಲ್ಲ!

ದೂರುಗಳಲ್ಲಿ ಇದೇ ದೊಡ್ಡದು. ಆ್ಯಪ್ ಅಳಿಸಿ ಮತ್ತೆ ಹಾಕುವುದರಿಂದ ಏನೂ ಆಗುವುದಿಲ್ಲ. ತಪ್ಪು ಸಾಮಾನ್ಯವಾಗಿ ಆ್ಯಪ್‌ನಲ್ಲಿ ಇರುವುದೇ ಇಲ್ಲ. ಈ ಕ್ರಮದಲ್ಲಿ ಹುಡುಕಿ.

ಎರಡೂ ನಿಜಕ್ಕೂ ಒಂದೇ ನೆಟ್‌ವರ್ಕಿನಲ್ಲಿವೆಯೇ? ಹಾಟ್‌ಸ್ಪಾಟಿನಲ್ಲಿ ಇಂಟರ್ನೆಟ್ ಇಲ್ಲವೆಂದು ಲ್ಯಾಪ್‌ಟಾಪ್ ತನಗೆ ಗೊತ್ತಿರುವ ಇನ್ನೊಂದು ವೈಫೈಗೆ ಸದ್ದಿಲ್ಲದೆ ಜಿಗಿದಿರಬಹುದು. ಇನ್ನೊಂದು ಫೋನನ್ನು ಜೋಡಿಸಿದ್ದರೆ, 'ಈ ನೆಟ್‌ವರ್ಕಿನಲ್ಲಿ ಇಂಟರ್ನೆಟ್ ಇಲ್ಲ, ಹಾಗೇ ಇರಲೇ?' ಎಂಬ ಪ್ರಶ್ನೆ ಬಂದಿರುತ್ತದೆ. 'ಇರಲಿ' ಎನ್ನದಿದ್ದರೆ ಅದು ಮೊಬೈಲ್ ಡೇಟಾಗೆ ಹಿಂದಿರುಗುತ್ತದೆ. ಕೆಲಸ ಮುಗಿಯುವ ತನಕ ಆ ಫೋನಿನ ಮೊಬೈಲ್ ಡೇಟಾ ಆಫ್ ಇಡುವುದು ಕ್ಷೇಮ.

ವಿಪಿಎನ್ (ಇಂಟರ್ನೆಟ್ ಸಂಚಾರವನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ವ್ಯವಸ್ಥೆ) ಇದೆಯೇ? ಕಚೇರಿಯ ಲ್ಯಾಪ್‌ಟಾಪುಗಳಲ್ಲಿ ವಿಪಿಎನ್ ಓಡುತ್ತಿದ್ದರೆ ಪಕ್ಕದ ಸಾಧನವೂ ಕಾಣದಂತೆ ಅದು ಬಾಗಿಲು ಮುಚ್ಚಿರುತ್ತದೆ. ಎರಡೂ ಕಡೆ ಆಫ್ ಮಾಡಿ. ಕಚೇರಿಯವರೇ ಬೀಗ ಹಾಕಿ ಆಫ್ ಮಾಡಲು ಬಿಡದಿದ್ದರೆ ಆ ಲ್ಯಾಪ್‌ಟಾಪ್ ಈ ಕೆಲಸಕ್ಕೆ ಬಾರದು.

ವಿಂಡೋಸ್ ಆ ವೈಫೈಯನ್ನು 'ಪಬ್ಲಿಕ್' ಎಂದು ಗುರುತಿಸಿದೆಯೇ? ಹೊಸ ನೆಟ್‌ವರ್ಕುಗಳನ್ನು ಅದು ಹಾಗೆಯೇ ಗುರುತಿಸುತ್ತದೆ, ಆಗ ಹೊರಗಿನ ಕರೆಗಳಿಗೆ ಫೈರ್‌ವಾಲ್ ಉತ್ತರಿಸಲು ಬಿಡುವುದಿಲ್ಲ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಜೋಡಣೆಯಾದ ನೆಟ್‌ವರ್ಕಿನ ಪ್ರಾಪರ್ಟೀಸ್ ಈ ದಾರಿಯಲ್ಲಿ ಹೋಗಿ 'ಪ್ರೈವೇಟ್' ಮಾಡಿ. ಇದನ್ನು ನಿಮ್ಮ ಮನೆಯ ವೈಫೈ, ನಿಮ್ಮ ಹಾಟ್‌ಸ್ಪಾಟಿಗೆ ಮಾತ್ರ ಮಾಡಬೇಕು, ಬಸ್‌ಸ್ಟ್ಯಾಂಡಿನ ಉಚಿತ ವೈಫೈಗಲ್ಲ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ಅದಕ್ಕೆ ತನ್ನದೇ ಫೈರ್‌ವಾಲ್ ಇರುತ್ತದೆ. ಅಲ್ಲಿ ಲೋಕಲ್‌ಸೆಂಡ್ ಬಳಸುವ 53317 ಸಂಖ್ಯೆಯ ಪೋರ್ಟನ್ನು (ಡೇಟಾ ಬಂದುಹೋಗುವ ಬಾಗಿಲನ್ನು) ಟಿಸಿಪಿ, ಯುಡಿಪಿ ಎಂಬ ಎರಡೂ ರವಾನೆ ಪದ್ಧತಿಗಳಿಗೆ ತೆರೆದುಕೊಡಿ.

ವೈಫೈ ಯಾರದ್ದು? ಹಾಸ್ಟೆಲ್, ಪಿಜಿ, ಹೋಟೆಲ್, ಕಲ್ಯಾಣ ಮಂಟಪಗಳ ವೈಫೈನಲ್ಲಿ ಒಬ್ಬರ ಸಾಧನ ಇನ್ನೊಬ್ಬರಿಗೆ ಕಾಣದಂತೆ ಬೇಕೆಂದೇ ಪ್ರತ್ಯೇಕಿಸಿರುತ್ತಾರೆ. ಎಲ್ಲರೂ ಇಂಟರ್ನೆಟ್ಟಿಗೆ ಹೋಗಬಹುದು, ಪಕ್ಕದವರ ಬಳಿ ಹೋಗುವಂತಿಲ್ಲ. ಮನೆಯ ರೌಟರಿನ 'ಗೆಸ್ಟ್' ವೈಫೈ ಕೂಡ ಹೀಗೆಯೇ. ಇದಕ್ಕೆ ನಿಮ್ಮ ಕಡೆಯಿಂದ ಮದ್ದಿಲ್ಲ, ಹಾಟ್‌ಸ್ಪಾಟ್ ಒಂದೇ ದಾರಿ.

ಇಷ್ಟಾದರೂ ಕಾಣದಿದ್ದರೆ ಪಟ್ಟಿಯನ್ನು ಕಾಯುವುದು ಬಿಟ್ಟು ನೇರ ವಿಳಾಸ ಕೊಡಿ. ರಿಸೀವ್ ಪುಟದ ಮೂಲೆಯ ಮಾಹಿತಿ ಗುರುತನ್ನು ಒತ್ತಿದರೆ ಐಪಿ ವಿಳಾಸ ಕಾಣುತ್ತದೆ. ಸೆಂಡ್ ಪುಟದಲ್ಲಿ ಗುರಿಯ ಚಿಹ್ನೆ ಒತ್ತಿ ಅದನ್ನು ಬರೆಯಿರಿ. ಸಾಧನಗಳು ತಮ್ಮ ಇರವನ್ನು ಕೂಗಿ ಹೇಳುವ ಸಂದೇಶಗಳನ್ನು ಕೆಲವು ರೌಟರುಗಳು ಮುಂದಕ್ಕೆ ಬಿಡುವುದಿಲ್ಲ. ಅಂಥ ಕಡೆ ಹೆಸರು ಕಾಣದಿದ್ದರೂ ವಿಳಾಸ ಹಿಡಿದು ಹೋದರೆ ಫೈಲ್ ತಲುಪುತ್ತದೆ. ಹೆಸರು ಕಂಡೂ ಸಂಪರ್ಕ ಆಗದಿದ್ದರೆ ಎರಡೂ ಕಡೆಯ ಸೆಟ್ಟಿಂಗ್ಸ್‌ನಲ್ಲಿ 'ಎನ್‌ಕ್ರಿಪ್ಷನ್' (ಗೂಢಲಿಪಿ) ಒಂದೇ ರೀತಿ ಇದೆಯೇ ನೋಡಿ. ಆನ್ ಇರುವುದೇ ಸರಿ.

ಅರ್ಧಕ್ಕೆ ನಿಂತರೆ

ಹೆಚ್ಚಿನ ಸಲ ತಪ್ಪಿತಸ್ಥ ಆರಿದ ಪರದೆ. ಪರದೆ ಆರಿದಾಗ ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಆ್ಯಪನ್ನು ತಡೆಹಿಡಿಯುತ್ತದೆ. ಐಫೋನ್ ಅಂತೂ ಬೇರೆ ಆ್ಯಪಿಗೆ ಹೋದರೂ ಸ್ವಲ್ಪ ಹೊತ್ತಿನಲ್ಲೇ ನಿಲ್ಲಿಸುತ್ತದೆ. ಚಾರ್ಜಿಗೆ ಹಾಕಿ, ಬ್ಯಾಟರಿ ಸೇವರ್ ಆಫ್ ಮಾಡಿ, ಮುಗಿಯುವ ತನಕ ಆ್ಯಪ್ ಪರದೆಯ ಮೇಲೇ ಇರಲಿ. ಲ್ಯಾಪ್‌ಟಾಪಿನ ಮುಚ್ಚಳವೂ ತೆರೆದಿರಲಿ. ಫೈಲ್ ನಡುವೆ ಕಡಿದರೆ ಲೋಕಲ್‌ಸೆಂಡ್ ನಿಂತಲ್ಲಿಂದ ಮುಂದುವರಿಸುವುದಿಲ್ಲ, ಆ ಫೈಲನ್ನು ಮೊದಲಿನಿಂದ ಕಳಿಸಬೇಕು. 11 ಜಿಬಿಯಲ್ಲಿ 10 ಹೋದ ಮೇಲೆ ಹೀಗಾದರೆ ಎಷ್ಟು ಸಂಕಟವೆಂದು ಹೇಳಬೇಕಿಲ್ಲ.

ಪ್ರತಿ ಸಲವೂ ಸರಿಯಾಗಿ 4 ಜಿಬಿ ಹತ್ತಿರ ನಿಲ್ಲುತ್ತಿದ್ದರೆ ವೈಫೈಯನ್ನು ಶಂಕಿಸಬೇಡಿ. ಉಳಿಸುತ್ತಿರುವ ಪೆನ್‌ಡ್ರೈವೋ ಮೆಮೊರಿ ಕಾರ್ಡೋ ಫ್ಯಾಟ್32 ಮಾದರಿಯಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಎಷ್ಟೇ ಖಾಲಿ ಜಾಗ ಇರಲಿ. ಆ್ಯಪಿನ ಉಳಿಸುವ ಜಾಗವನ್ನು ಲ್ಯಾಪ್‌ಟಾಪಿನ ಸ್ವಂತ ಡಿಸ್ಕಿಗೆ ಬದಲಿಸಿ. ಅಥವಾ ಪೆನ್‌ಡ್ರೈವಿನಲ್ಲಿರುವುದನ್ನು ಬೇರೆಡೆ ತೆಗೆದಿಟ್ಟು ಅದನ್ನು ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿ.

ದೊಡ್ಡ ಒಂದು ಫೈಲಿಗಿಂತ ಸಣ್ಣ ಸಾವಿರ ಫೈಲು ನಿಧಾನ. ಪ್ರತಿ ಫೋಟೊಗೂ ಬೇರೆಬೇರೆ ಕೋರಿಕೆ, ಬೇರೆಬೇರೆ ಉತ್ತರ ಆಗಬೇಕು. ನಾಲ್ಕು ಸಾವಿರ ಫೋಟೊ ಇದ್ದರೆ ಒಂದೊಂದು ದಿನದ್ದನ್ನು ಒಂದೊಂದು ಜಿಪ್ ಮಾಡಿ ಕಳಿಸಿ. ಜೆಪೆಗ್ ಫೋಟೊಗಳು ಜಿಪ್ ಮಾಡಿದರೂ ಕುಗ್ಗುವುದಿಲ್ಲ. ಉದ್ದೇಶ ಗಾತ್ರ ಇಳಿಸುವುದಲ್ಲ, ಎಣಿಕೆ ಇಳಿಸುವುದು.

ಫೋನಿನೊಂದಿಗೇ ಬಂದವು

ಆಂಡ್ರಾಯ್ಡಿನಿಂದ ಆಂಡ್ರಾಯ್ಡಿಗೆ ಆದರೆ ಕ್ವಿಕ್ ಶೇರ್ ಸಾಕು. ಗೂಗಲ್‌ನ ನಿಯರ್‌ಬೈ ಶೇರ್ 2024ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್‌ನೊಂದಿಗೆ ಒಂದಾಗಿ ಅದೇ ಹೆಸರು ಪಡೆಯಿತು. ಬ್ಲೂಟೂತ್‌ನಿಂದ ಹುಡುಕಿ, ವೈಫೈನಿಂದ ಕಳಿಸುತ್ತದೆ. ಆದ್ದರಿಂದ ಎರಡೂ ಆನ್ ಇರಬೇಕು, ಪಡೆಯುವವರು 'ಎಲ್ಲರಿಗೂ 10 ನಿಮಿಷ' ಕಾಣುವಂತೆ ಮಾಡಿಕೊಳ್ಳಬೇಕು. ಆ್ಯಪಲ್ ಸಾಧನಗಳ ನಡುವೆ ಏರ್‌ಡ್ರಾಪ್ ಇದೆ. ಅದರಲ್ಲೂ ಇದೇ ಹತ್ತು ನಿಮಿಷದ ಪದ್ಧತಿ. 2025ರ ನವೆಂಬರಿನಲ್ಲಿ ಗೂಗಲ್ ಪಿಕ್ಸೆಲ್ 10 ಫೋನುಗಳಿಂದ ಆರಂಭಿಸಿ ಕ್ವಿಕ್ ಶೇರ್‌ನಿಂದ ಏರ್‌ಡ್ರಾಪ್‌ಗೆ ಕಳಿಸುವ ಸೌಲಭ್ಯ ತಂದಿತು. ನಿಮ್ಮ ಫೋನಿನಲ್ಲಿ ಅದು ಇಲ್ಲದಿದ್ದರೆ ಆಂಡ್ರಾಯ್ಡ್-ಐಫೋನ್ ನಡುವೆ ಲೋಕಲ್‌ಸೆಂಡ್ ಬಳಸಿ.

ದೂರದ ಊರಿಗೆ

ಮಗಳು ನ್ಯೂಜೆರ್ಸಿಯಲ್ಲಿ, ಅಪ್ಪ ಶಿರಸಿಯಲ್ಲಿ ಇದ್ದರೆ ಹಾಟ್‌ಸ್ಪಾಟ್ ನಡೆಯದು, ಇಂಟರ್ನೆಟ್ ಬೇಕೇ ಬೇಕು. ಆದರೂ ಫೈಲನ್ನು ಎಲ್ಲೂ ಏರಿಸಿಡದೆ ಕಳಿಸಬಹುದು. ಪೇರ್‌ಡ್ರಾಪ್ ಎಂಬ ಜಾಲತಾಣವನ್ನು ಇಬ್ಬರೂ ಬ್ರೌಸರಿನಲ್ಲಿ ತೆರೆದು, ಒಬ್ಬರ ಪರದೆಯಲ್ಲಿ ಬರುವ ಆರಂಕಿ ಸಂಖ್ಯೆಯನ್ನು ಇನ್ನೊಬ್ಬರು ಒತ್ತಿದರೆ ಎರಡೂ ಜೋಡಿಯಾಗುತ್ತವೆ. ಸಂಖ್ಯೆಯನ್ನು ಫೋನ್ ಮಾಡಿಯೇ ಹೇಳಿ.

ಮನೆಯ ರೌಟರ್ ಗೇಟಿನ ಕಾವಲುಗಾರನಂತೆ. ಒಳಗಿನವರು ಹೊರಗೆ ಕಳಿಸಿದ ಮಾತಿಗೆ ಬಂದ ಉತ್ತರವನ್ನು ಬಿಡುತ್ತದೆ, ತಾನಾಗಿ ಬಂದವರನ್ನು ಬಿಡುವುದಿಲ್ಲ. ಪೇರ್‌ಡ್ರಾಪ್‌ನಂಥ ತಾಣ ಎರಡೂ ಮನೆಯ ಹೊರವಿಳಾಸವನ್ನು ಪರಸ್ಪರ ತಿಳಿಸುತ್ತದೆ. ಇಬ್ಬರೂ ಒಂದೇ ಹೊತ್ತಿಗೆ ಎದುರಿನವರನ್ನು ಕರೆಯುತ್ತಾರೆ, ಎರಡೂ ಕಾವಲುಗಾರರಿಗೆ ಅದು ಉತ್ತರದಂತೆ ಕಂಡು ದಾರಿ ತೆರೆಯುತ್ತದೆ. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಇಟ್ಟಿರುವುದರಿಂದ ಮೊಬೈಲ್ ಡೇಟಾದಲ್ಲಿ ಈ ಉಪಾಯ ಕೆಲವೊಮ್ಮೆ ಸೋಲುತ್ತದೆ. ಆಗ ಡೇಟಾ ನಡುವಿನ ಒಂದು ಸರ್ವರ್ ಮೂಲಕ, ಗೂಢಲಿಪಿಯಲ್ಲಿಯೇ, ನಿಧಾನವಾಗಿ ಹೋಗುತ್ತದೆ. ಮನೆಯ ಬ್ರಾಡ್‌ಬ್ಯಾಂಡಿನಿಂದ ಪ್ರಯತ್ನಿಸುವುದೇ ಮೇಲು. ನೇರ ಸಂಪರ್ಕದಲ್ಲಿ ಎದುರಿನವರಿಗೆ ನಿಮ್ಮ ಐಪಿ ವಿಳಾಸ ತಿಳಿಯುತ್ತದೆ, ಆದ್ದರಿಂದ ಅಪರಿಚಿತರ ಜೊತೆ ಬೇಡ.

ಇಲ್ಲಿ ವೇಗವನ್ನು ನಿರ್ಧರಿಸುವುದು ಕಳಿಸುವವರ ಅಪ್‌ಲೋಡ್. 5 ಜಿಬಿಗೆ 20 ಎಂಬಿಪಿಎಸ್‌ನಲ್ಲಿ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು, 5 ಎಂಬಿಪಿಎಸ್‌ನಲ್ಲಿ ಎರಡೂಕಾಲು ಗಂಟೆ. ಅಷ್ಟು ಹೊತ್ತೂ ಎರಡೂ ಕಡೆ ಬ್ರೌಸರ್ ತೆರೆದೇ ಇರಬೇಕು. ಫೋನಿನ ಬ್ರೌಸರ್ ದೊಡ್ಡ ಫೈಲನ್ನು ನೆನಪಿನಲ್ಲಿ ಹಿಡಿದಿಡಲಾರದೆ ಕುಸಿಯುತ್ತದೆ, ದೊಡ್ಡದನ್ನು ಕಂಪ್ಯೂಟರಿನಿಂದ ಕಂಪ್ಯೂಟರಿಗೇ ಕಳಿಸಿ.

ಬಂದ ಮೇಲೆ

ಫೋನಿನಲ್ಲಿರುವುದನ್ನು ಅಳಿಸುವ ಮುನ್ನ ಎರಡೂ ಕಡೆ ಫೈಲಿನ ಗಾತ್ರವನ್ನು ಕೊನೆಯ ಬೈಟ್‌ವರೆಗೂ ಹೋಲಿಸಿ. ವಿಡಿಯೊ ಆದರೆ ಕೊನೆಯ ಒಂದು ನಿಮಿಷ ಓಡಿಸಿ ನೋಡಿ. ಅರ್ಧ ಬಂದ ವಿಡಿಯೊದ ಆರಂಭ ಕೆಲವೊಮ್ಮೆ ಚೆನ್ನಾಗಿಯೇ ಓಡುತ್ತದೆ, ಮಂಗಳದ ಹೊತ್ತಿಗೆ ಇರುವುದಿಲ್ಲ. ಹೀಗೆ ಕಳಿಸಿದ ಫೋಟೊ ಮೂಲ ರೂಪದಲ್ಲೇ ಹೋಗುವುದರಿಂದ, ತೆಗೆದ ಜಾಗದ ಗುರುತು ಅದರೊಳಗೆ ಇದ್ದರೆ ಅದೂ ಜೊತೆಗೇ ಹೋಗುತ್ತದೆ. ಮನೆಯ ಮಕ್ಕಳ ಫೋಟೊ ಹೊರಗಿನವರಿಗೆ ಕೊಡುವಾಗ ಇದು ನೆನಪಿರಲಿ. 'ಕ್ವಿಕ್ ಸೇವ್' ಆನ್ ಮಾಡಿದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಅದೇ ವೈಫೈನಲ್ಲಿರುವ ಯಾರೇ ಕಳಿಸಿದರೂ ಕೇಳದೆ ಒಳಗೆ ಬಂದು ಕೂರುತ್ತದೆ.

ಐಫೋನಿನ ಎಚ್‌ಇಐಸಿ ಫೋಟೊ ವಿಂಡೋಸಿನಲ್ಲಿ ತೆರೆಯದಿದ್ದರೆ ಫೈಲ್ ಕೆಟ್ಟಿಲ್ಲ, ಅದನ್ನು ಓದುವ ಸೇರ್ಪಡೆ ಲ್ಯಾಪ್‌ಟಾಪಿನಲ್ಲಿಲ್ಲ. ಮುಂದೆ ತೆಗೆಯುವ ಫೋಟೊಗಳಿಗಾದರೆ ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿ.

ಕನ್ನಡದ ಕಡತಗಳಲ್ಲಿ ಇನ್ನೊಂದು ಗೊಂದಲ ಮೇಲಿಂದ ಮೇಲೆ ಬರುತ್ತದೆ. ಕಳಿಸಿದ ವರ್ಡ್ ಕಡತ ತೆರೆದರೆ ಕನ್ನಡದ ಬದಲು ಚುಕ್ಕಿ-ಗೀಟು ಹೊತ್ತ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಕಳಿಸುವಾಗ ಕೆಟ್ಟಿತೆಂದು ಮತ್ತೆ ಮತ್ತೆ ಕಳಿಸುತ್ತಾರೆ. ಫೈಲ್ ಸರಿಯಾಗಿಯೇ ಬಂದಿದೆ. ಅದನ್ನು ಬರೆದದ್ದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ, ಆ ಫಾಂಟ್ ನಿಮ್ಮಲ್ಲಿಲ್ಲ, ಅಷ್ಟೇ. ಬರೆದವರ ಕಂಪ್ಯೂಟರಿನಲ್ಲೇ ನುಡಿ, ಬರಹ ತಂತ್ರಾಂಶಗಳ ಪರಿವರ್ತಕ ಬಳಸಿ ಯೂನಿಕೋಡಿಗೆ ಬದಲಿಸಿ ಕಳಿಸಲು ಹೇಳಿ. ಓದಲು ಮಾತ್ರ ಸಾಕು ಎಂದಾದರೆ ಪಿಡಿಎಫ್ ಮಾಡಿಸಿಕೊಳ್ಳಿ.